ಹಬ್ಬ ಮುಗಿಯಿತು, ಕೆಲಸಕ್ಕೆ ಇಳಿಯೋಣ, ಆದರೆ ಮೆಲ್ಲಗೆ



ಸುಗ್ಗಿ ಮುಗಿಯಿತು, ಯುಗಾದಿ ಆಯಿತು, ಊರ ಜಾತ್ರೆ, ನೆಂಟರ ಮದುವೆಗಳೂ ಮುಗಿಯುತ್ತಾ ಬಂದವು. ಇನ್ನು ಮಳೆ ನಮ್ಮನ್ನು ಹೊಲಕ್ಕೆ ಕರೆಯುತ್ತದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುವುದು ಹಿರಿಯರ ಮಾತು. ಎಚ್.ಡಿ. ಕೋಟೆ ಕಡೆ ಹತ್ತಿ ಬಿತ್ತನೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ನಾಟಿ ಶುರುವಾಗುತ್ತದೆ. ಗುರುಪುರದ ಟಿಬೆಟನ್ ಬಂಧುಗಳಲ್ಲಿ ಹಲವರು ಚಳಿಗಾಲದಲ್ಲಿ ದೂರದ ಊರುಗಳಲ್ಲಿ ಸ್ವೆಟರ್ ಮಾರಿ, ಲೋಸರ್ ಹಬ್ಬಕ್ಕೆ ಮನೆಗೆ ಬಂದು, ಆಮೇಲೆ ಮುಸುಕಿನ ಜೋಳದ ಹೊಲದ ಕಡೆ ನೋಡುತ್ತಾರೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ನಾಟಿ ಸ್ವಲ್ಪ ತಡ, ಅಷ್ಟೆ.

ಬಿಡುವಿನ ನಂತರದ ಮೊದಲ ವಾರ ನಮ್ಮಲ್ಲಿ ಅನೇಕರು ಹಾಸಿಗೆ ಹಿಡಿಯುತ್ತಾರೆ. "ಒಂದೇ ದಿನ ಹೋಗಿದ್ದು ಕಣಕ್ಕ, ಮೂರು ದಿನ ಸೊಂಟ ಎತ್ತೋಕಾಗ್ಲಿಲ್ಲ" ಎಂಬ ಮಾತು ನಮ್ಮ ಸಭೆಗಳಿಗೆ ಹೊಸದಲ್ಲ. ಒಂದು ದಿನದ ಕೂಲಿ ಬಂತು, ಮೂರು ದಿನದ್ದು ಹೋಯಿತು!

ಏಕೆ ಹೀಗಾಗುತ್ತದೆ?

ಇದು ಸೋಮಾರಿತನವಲ್ಲ. ದಿನವೂ ಬಿಸಿಲಿನಲ್ಲಿ ದುಡಿಯುವವರ ಮೈ ಬಿಸಿಲಿಗೆ ಒಗ್ಗಿಕೊಂಡಿರುತ್ತದೆ. ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಹೃದಯಕ್ಕೆ ಶ್ರಮ ಕಡಿಮೆ. ಹೀಗೆ ಒಗ್ಗಲು 7ರಿಂದ 14 ದಿನ ಬೇಕು. ಒಂದು ವಾರ ನೆರಳಿನಲ್ಲಿ ಕೂತರೆ ಈ ಗುಣ ಇಳಿಯಲು ಶುರುವಾಗುತ್ತದೆ. ತಿಂಗಳುಗಟ್ಟಲೆ ಬಿಡುವಾದರೆ ಹೊಸಬರಂತೆ ಮೊದಲಿಂದ ಒಗ್ಗಿಸಿಕೊಳ್ಳಬೇಕು.

ಸೊಂಟ, ತೊಡೆಯ ನೋವೂ ಹಾಗೆಯೇ. ರೂಢಿ ತಪ್ಪಿದ ಕೆಲಸ ಮಾಡಿದ ದಿನ ಏನೂ ಗೊತ್ತಾಗುವುದಿಲ್ಲ. ಎರಡನೆಯ, ಮೂರನೆಯ ದಿನ ನೋವು ಹೆಚ್ಚುತ್ತದೆ. ಆದ್ದರಿಂದ "ಇವತ್ತು ಏನೂ ಆಗ್ಲಿಲ್ಲ" ಎಂದು ಮೊದಲ ದಿನವೇ ಮೈಮುರಿದು ದುಡಿಯಬಾರದು.

ಹಿರಿಯರು ತೋರಿದ ದಾರಿ

ನಮ್ಮ ಕಡೆಯ ಹೊನ್ನಾರು ನೆನಪಿಸಿಕೊಳ್ಳಿ. ಯುಗಾದಿಯಲ್ಲಿ ಎತ್ತಿನ ಮೈ ತೊಳೆದು, ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ನಾಲ್ಕು ಸಾಲು ಉತ್ತು ಮನೆಗೆ ಬರುತ್ತಿದ್ದರು. ಅಂದೇ ಇಡೀ ಹೊಲ ಉಳುತ್ತಿರಲಿಲ್ಲ. ಬಿಡುವಿನಲ್ಲಿದ್ದ ಎತ್ತಿನ ಹೆಗಲ ಚರ್ಮ ಮೆತ್ತಗಾಗಿರುತ್ತದೆ, ಮೊದಲ ದಿನವೇ ದಿನಪೂರ್ತಿ ನೊಗ ಹೊರಿಸಿದರೆ ಹುಣ್ಣಾಗುತ್ತದೆ ಎಂಬುದು ಉಳುವವರಿಗೆ ಗೊತ್ತು. ಎತ್ತಿಗೆ ತೋರುವ ಈ ಕನಿಕರವನ್ನು ನಮ್ಮ ಮೈಗೆ ಏಕೆ ತೋರಬಾರದು?

ಹೇಗೆ ಶುರು ಮಾಡಬೇಕು?

ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು, ಅನುಭವಿ ಕೆಲಸಗಾರರು ಬಿಡುವಿನ ನಂತರ ಬಿಸಿಲಿಗೆ ಮರಳುವಾಗ ಪಾಲಿಸಲು ಒಂದು ಲೆಕ್ಕ ಕೊಟ್ಟಿದೆ. ಮೊದಲ ದಿನ ಅರ್ಧ ಕೆಲಸ, ಎರಡನೆಯ ದಿನ ನೂರಕ್ಕೆ 60, ಮೂರನೆಯ ದಿನ 80, ನಾಲ್ಕನೆಯ ದಿನ ಪೂರ್ತಿ. ಬಿಸಿಲಿನ ಕೆಲಸಕ್ಕೆ ಹೊಸದಾಗಿ ಬರುವವರು ನೂರಕ್ಕೆ 20ರಿಂದ ಶುರು ಮಾಡಿ ದಿನಕ್ಕೆ 20ರಂತೆ ಏರಿಸಬೇಕು.

ಇದರ ಜೊತೆಗೆ:

* ಬೆಳಗ್ಗೆ ಬೇಗ ಶುರು ಮಾಡಿ, ನಡುಹಗಲು ನೆರಳಿಗೆ ಬನ್ನಿ.
* ಬಾಯಾರುವವರೆಗೆ ಕಾಯಬೇಡಿ. 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಉಪ್ಪು ಹಾಕಿದ ನೀರು ಮಜ್ಜಿಗೆ, ರಾಗಿ ಅಂಬಲಿಯೂ ಒಳ್ಳೆಯದು. ಬರಿಹೊಟ್ಟೆಯಲ್ಲಿ ಹೋಗಬೇಡಿ.
* ಬಗ್ಗಿ ಮಾಡುವ ಕೆಲಸದ ನಡುವೆ ಆಗಾಗ ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿ.
* ಕುಡುಗೋಲು, ಗುದ್ದಲಿ, ಕಾವು ಹಿಂದಿನ ದಿನವೇ ನೋಡಿಕೊಳ್ಳಿ. ಮೊಂಡು ಆಯುಧಕ್ಕೆ ಶ್ರಮ ಜಾಸ್ತಿ.

ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಬಂದರೆ ತಕ್ಷಣ ಕೆಲಸ ಬಿಟ್ಟು ನೆರಳಿಗೆ ಬನ್ನಿ. ಮಾತು ತೊದಲಿದರೆ, ಏನೇನೋ ಹೇಳಿದರೆ, ಎಚ್ಚರ ತಪ್ಪಿದರೆ ಅದು ಪ್ರಾಣಕ್ಕೇ ಅಪಾಯ. ಕೂಡಲೇ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

"ಅರ್ಧ ದಿನ ಮಾಡಿದ್ರೆ ಕೂಲಿ ಯಾರು ಕೊಡ್ತಾರೆ?"

ಈ ಪ್ರಶ್ನೆ ನ್ಯಾಯವಾದದ್ದೇ. ಹಬ್ಬಕ್ಕೆ, ಮದುವೆಗೆ ಮಾಡಿದ ಸಾಲ ತಲೆಮೇಲಿರುತ್ತದೆ. ಗುತ್ತಿಗೆ ಕೆಲಸವಾದರೆ ಬೇಗ ಮುಗಿಸಿದಷ್ಟೂ ಲಾಭ. ಮೈ ಬೇಡವೆಂದರೂ ನಮ್ಮನ್ನು ಓಡಿಸುವುದು ಈ ಚಿಂತೆಯೇ. ಒಬ್ಬರೇ ಇದಕ್ಕೆ ಪರಿಹಾರ ಕಾಣುವುದು ಕಷ್ಟ, ಸಂಘಕ್ಕೆ ಆಗುತ್ತದೆ. ಮೊದಲ ವಾರದ ದಿನಸಿಗಾಗಿ ಉಳಿತಾಯದ ಹಣದಿಂದ ಸಣ್ಣ ಸಾಲ ಕೊಡಬಹುದು. ಮುಯ್ಯಾಳು ಮಾಡಿಕೊಂಡು ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಬಹುದು. ಗುತ್ತಿಗೆ ಹಿಡಿಯುವಾಗಲೇ ಒಂದೆರಡು ದಿನ ಹೆಚ್ಚು ಕೇಳಬಹುದು. ಆಳು ಕರೆಯುವ ರೈತ ಬಂಧುಗಳಲ್ಲೂ ನಮ್ಮ ವಿನಂತಿ ಇದೆ: ಹೊಲದಲ್ಲಿ ನೀರು, ನೆರಳು ಇರಲಿ. ಮೊದಲ ಮೂರು ದಿನ ತಾಳ್ಮೆ ತೋರಿದರೆ, ಉಳಿದ ದಿನ ಆಳು ತಪ್ಪುವುದಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ

1. ಕಳೆದ ವರ್ಷ ಮೊದಲ ವಾರದಲ್ಲೇ ಕಾಯಿಲೆ ಬಿದ್ದವರು ನಮ್ಮ ಸಂಘದಲ್ಲಿ ಎಷ್ಟು ಮಂದಿ? ಎಷ್ಟು ದಿನದ ಕೂಲಿ ಹೋಯಿತು?
2. ವಯಸ್ಸಾದವರು, ಬಾಣಂತನ ಮುಗಿಸಿ ಬರುವವರು, ಕಾಯಿಲೆಯಿಂದ ಎದ್ದವರಿಗೆ ಯಾವ ಹಗುರ ಕೆಲಸ ಕೊಡಬಹುದು?
3. ಮೊದಲ ವಾರದ ಸಾಲಕ್ಕೆ ಎಷ್ಟು ಹಣ ಎತ್ತಿಡೋಣ?

ಕೆಲಸ ವರ್ಷವಿಡೀ ಇರುತ್ತದೆ. ಅದನ್ನು ಮಾಡಲು ನಾವೂ ಗಟ್ಟಿಯಾಗಿರೋಣ.