ಅಸಲು, ಬಡ್ಡಿ, ಭೋಗ್ಯ: ಇಸ್ಲಾಮಿನ ಹಣಕಾಸು ತತ್ತ್ವಗಳು ಮತ್ತು ದಿನನಿತ್ಯದ ವ್ಯವಹಾರ

ಕನ್ನಡದಲ್ಲಿ ಸಾಲದ ಮಾತು ಬಂದಾಗ 'ಅಸಲು' ಮತ್ತು 'ಬಡ್ಡಿ' ಎಂಬ ಪದಗಳು ಜೊತೆಯಾಗಿಯೇ ಬರುತ್ತವೆ. ಇವುಗಳಲ್ಲಿ 'ಅಸಲು' ಬೇರು, ಮೂಲ ಎಂಬ ಅರ್ಥದ ಅರಬ್ಬಿ ಪದದಿಂದ ಬಂದುದು. 'ಬಡ್ಡಿ' ಸಂಸ್ಕೃತದ 'ವೃದ್ಧಿ'ಯ ತದ್ಭವ. ಬಡ್ಡಿಗೆ ಅರಬ್ಬಿಯಲ್ಲಿರುವ 'ರಿಬಾ' ಎಂಬ ಪದದ ಮೂಲಾರ್ಥವೂ ಹೆಚ್ಚಳ, ವೃದ್ಧಿ ಎಂದೇ. ಎರಡು ಪರಂಪರೆಗಳು ಒಂದೇ ಸಂಗತಿಯನ್ನು ಒಂದೇ ಬಗೆಯಲ್ಲಿ ಹೆಸರಿಸಿವೆಯಾದರೂ ಅದರ ಬಗೆಗೆ ತಳೆದ ನಿಲುವುಗಳು ಬೇರೆ ಬೇರೆ. ಧರ್ಮಶಾಸ್ತ್ರಗಳು ಬಡ್ಡಿಗೆ ಮಿತಿಗಳನ್ನು ವಿಧಿಸಿ ಅದನ್ನು ಒಪ್ಪಿಕೊಂಡವು. ಇಸ್ಲಾಮಿನ ನ್ಯಾಯಶಾಸ್ತ್ರ ಅದನ್ನು ನಿಷೇಧಿಸಿತು. ಈ ನಿಷೇಧದ ಹಿಂದಿನ ತರ್ಕವೇನು, ದಿನನಿತ್ಯದ ವ್ಯವಹಾರಗಳಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮಗೆ ಪರಿಚಿತವಾದ ಕೆಲವು ಪದಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಷ್ಟ ಯಾರದು?

ಇಸ್ಲಾಂ ಬಡ್ಡಿಯನ್ನು ನಿಷೇಧಿಸುತ್ತದೆ ಎಂದೊಡನೆ ಅದು ಹಣದಿಂದ ಹಣ ಗಳಿಸುವುದನ್ನೇ ವಿರೋಧಿಸುತ್ತದೆ ಎಂದು ಭಾವಿಸುವುದುಂಟು. ಇದು ಸರಿಯಲ್ಲ. ವ್ಯಾಪಾರವೂ ಬಡ್ಡಿಯಂತೆಯೇ ಅಲ್ಲವೇ ಎಂಬ ಆಕ್ಷೇಪವನ್ನು ಕುರ್‌ಆನಿನ ಎರಡನೆಯ ಅಧ್ಯಾಯವೇ ಎತ್ತಿಕೊಂಡು, ಮೊದಲನೆಯದು ಸಮ್ಮತ, ಎರಡನೆಯದು ನಿಷಿದ್ಧ ಎಂದು ಬೇರ್ಪಡಿಸುತ್ತದೆ. ಎರಡರಲ್ಲಿಯೂ ಹಾಕಿದ ಹಣಕ್ಕಿಂತ ಹೆಚ್ಚು ಹಣ ಮರಳುತ್ತದೆ. ಹಾಗಿದ್ದರೆ ಭೇದವೆಲ್ಲಿದೆ? ನ್ಯಾಯಶಾಸ್ತ್ರಜ್ಞರು ಕೊಡುವ ಉತ್ತರವನ್ನು ಒಂದು ಪ್ರಶ್ನೆಯಾಗಿ ಇಡಬಹುದು: ನಷ್ಟವಾದರೆ ಅದು ಯಾರದು? ವ್ಯಾಪಾರಿ ಕೊಂಡ ಸರಕು ಹಾಳಾದರೆ, ಬೆಲೆ ಕುಸಿದರೆ ನಷ್ಟ ಅವನದೇ. ಬಡ್ಡಿಗೆ ಸಾಲ ಕೊಟ್ಟವನಾದರೋ ಸಾಲ ಪಡೆದವನು ಗೆದ್ದರೂ ಸೋತರೂ ತನ್ನ ಅಸಲು ಮತ್ತು ವೃದ್ಧಿಗೆ ಹಕ್ಕುದಾರ. ನಷ್ಟದ ಹೊಣೆಯಿಲ್ಲದೆ ಲಾಭದ ಹಕ್ಕಿಲ್ಲ ಎಂಬುದು ಇಲ್ಲಿಯ ಮೂಲಸೂತ್ರ.

'ಮುದಾರಬಾ' ಎಂಬ ಒಪ್ಪಂದದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬನದು ಬಂಡವಾಳ, ಇನ್ನೊಬ್ಬನದು ದುಡಿಮೆ. ಲಾಭವನ್ನು ಅರ್ಧ, ಮೂರನೆಯ ಒಂದು ಎಂಬಂತೆ ಪ್ರಮಾಣದಲ್ಲಿ ಮಾತ್ರ ನಿಗದಿಪಡಿಸಬೇಕು; ತಿಂಗಳಿಗೆ ಇಷ್ಟು ರೂಪಾಯಿ ಎಂದು ಗೊತ್ತುಪಡಿಸಿದರೆ ಒಪ್ಪಂದ ಅಸಿಂಧು. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಬಂಡವಾಳದ ನಷ್ಟ ಹಣ ಹಾಕಿದವನಿಗೆ, ಶ್ರಮದ ನಷ್ಟ ದುಡಿದವನಿಗೆ. ಇಬ್ಬರೂ ಬಂಡವಾಳ ಹೂಡುವ 'ಮುಶಾರಕಾ'ದಲ್ಲಿ ನಷ್ಟವು ಹೂಡಿಕೆಯ ಅನುಪಾತದಲ್ಲಿ ಹಂಚಿಹೋಗುತ್ತದೆ. ಹೊಲವನ್ನು ಪಾಲಿಗೆ ಕೊಡುವ ಪದ್ಧತಿಯನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲಿ ಅದಕ್ಕೆ 'ಮುಜಾರಅ' ಎಂದು ಹೆಸರು. ಇಮಾಂ ಅಬೂ ಹನೀಫಾ ಇದನ್ನು ಒಪ್ಪಲಿಲ್ಲ. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು. ಒಪ್ಪಿದವರೂ ಒಂದು ನಿರ್ಬಂಧವನ್ನು ಹಾಕಿದರು: ಬೆಳೆಯಲ್ಲಿ ಪಾಲನ್ನು ಹೇಳಬಹುದೇ ಹೊರತು ಬೆಳೆ ಬಂದರೂ ಬಾರದಿದ್ದರೂ ಹತ್ತು ಚೀಲ ನನಗೆ ಎಂದು ಭೂಮಾಲೀಕ ಹೇಳುವಂತಿಲ್ಲ.

ಹೊಲಿಗೆಯಂತ್ರ, ಬೆಳೆ ಮತ್ತು ಕೈಗಡ

ಇಂದಿನ ಬಳಕೆಯಲ್ಲಿ ಪಾಲುದಾರಿಕೆಗಿಂತ ಹೆಚ್ಚು ಪ್ರಚಾರದಲ್ಲಿರುವುದು 'ಮುರಾಬಹಾ', ಎಂದರೆ ಕೊಂಡ ಬೆಲೆಯನ್ನೂ ಲಾಭವನ್ನೂ ಬಹಿರಂಗಪಡಿಸಿ ಮಾಡುವ ಮಾರಾಟ. ಒಬ್ಬ ದರ್ಜಿಗೆ ಇಪ್ಪತ್ತು ಸಾವಿರ ರೂಪಾಯಿಯ ಹೊಲಿಗೆಯಂತ್ರ ಬೇಕೆಂದು ಇಟ್ಟುಕೊಳ್ಳೋಣ. ಹಣಕಾಸು ಸಂಸ್ಥೆ ಅದನ್ನು ತಾನೇ ಕೊಂಡು, ಇಪ್ಪತ್ತಮೂರು ಸಾವಿರಕ್ಕೆ ಹನ್ನೆರಡು ಕಂತುಗಳಲ್ಲಿ ಅವನಿಗೆ ಮಾರುತ್ತದೆ. ಲೆಕ್ಕದಲ್ಲಿ ಇದು ಬಡ್ಡಿ ಸಾಲದಂತೆಯೇ ತೋರುತ್ತದೆ. ಆದರೆ ಎರಡು ವ್ಯತ್ಯಾಸಗಳಿವೆ. ಯಂತ್ರವು ಸಂಸ್ಥೆಯ ಸ್ವಾಧೀನದಲ್ಲಿರುವಷ್ಟು ಕಾಲ ಅದು ಮುರಿದರೆ, ಕಳುವಾದರೆ ನಷ್ಟ ಸಂಸ್ಥೆಯದು. ಮಾರಾಟವಾದ ಮೇಲೆ ಬೆಲೆ ಸ್ಥಿರ. ಕಂತು ತಡವಾಯಿತೆಂದು ಅದು ಬೆಳೆಯುವಂತಿಲ್ಲ. ತಡಮಾಡಿದವನಿಂದ ದಂಡ ವಸೂಲು ಮಾಡಿದರೂ ಅದನ್ನು ಸಂಸ್ಥೆ ತನ್ನ ಆದಾಯಕ್ಕೆ ಸೇರಿಸಿಕೊಳ್ಳದೆ ದಾನಕ್ಕೆ ಕೊಡಬೇಕೆಂಬುದು ರೂಢಿ. ಸಂಸ್ಥೆ ಯಂತ್ರವನ್ನು ಕಾಗದದ ಮೇಲಷ್ಟೇ ಕೊಂಡರೆ ಮೊದಲನೆಯ ವ್ಯತ್ಯಾಸ ಅಳಿಸಿಹೋಗುತ್ತದೆ. ನಗದು ಹಣ ಪಡೆಯಲೆಂದೇ ಸರಕಿನ ಕ್ರಯವಿಕ್ರಯವನ್ನು ಸಂಘಟಿಸುವ 'ತವರ್ರುಖ್' ಎಂಬ ಕ್ರಮವನ್ನು ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 2009ರಲ್ಲಿ ಶಾರ್ಜಾದ ಅಧಿವೇಶನದಲ್ಲಿ ತಿರಸ್ಕರಿಸಿದ್ದು ಈ ಕಾರಣದಿಂದಲೇ.

ರೈತನಿಗೆ ಸಂಬಂಧಿಸಿದ್ದು 'ಸಲಂ'. ಬೆಳೆ ಕೈಸೇರುವ ಮುನ್ನವೇ ಪೂರ್ಣ ಬೆಲೆಯನ್ನು ಪಡೆದು, ನಿಗದಿತ ದಿನ ಧಾನ್ಯವನ್ನು ಒಪ್ಪಿಸುವ ಕರಾರು ಇದು. ಕೈಯಲ್ಲಿಲ್ಲದುದನ್ನು ಮಾರಬಾರದೆಂಬುದು ಸಾಮಾನ್ಯ ನಿಯಮ. ಅನಿಶ್ಚಿತತೆಯ ಮೇಲೆ ನಿಂತ ವ್ಯಾಪಾರವನ್ನು 'ಗರರ್' ಎಂದು ನಿಷೇಧಿಸಲಾಗಿದೆ. ಕೃಷಿಕರ ಅಗತ್ಯವನ್ನು ಮನ್ನಿಸಿ ಸಲಂ ಅನ್ನು ಅಪವಾದವಾಗಿ ಉಳಿಸಿಕೊಂಡರೂ ಅಳತೆ, ಗುಣಮಟ್ಟ, ಗಡುವು ಮೊದಲೇ ಖಚಿತವಾಗಿರಬೇಕೆಂದು ವಿಧಿಸಲಾಯಿತು. ಇಲ್ಲಿ ಬೆಲೆ ಏರಿಳಿತದ ಅಪಾಯವನ್ನು ಕೊಳ್ಳುವವನೂ ಹೊರುತ್ತಾನೆ.

ಇನ್ನು ಬಡ್ಡಿಯಿಲ್ಲದ ಸಾಲ 'ಕರ್ಜ್ ಹಸನ್'. ನಮ್ಮ 'ಕೈಗಡ' ಇದಕ್ಕೆ ಬಹಳ ಹತ್ತಿರದ ಪದ. ಕೊಟ್ಟಷ್ಟನ್ನೇ ಹಿಂದಿರುಗಿಸುವುದು ಇದರ ಲಕ್ಷಣ. ಸಾಲ ಪಡೆದವನು ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಬೇಕೆಂಬುದೂ, ಸಾಲವನ್ನು ಸಾಕ್ಷಿಗಳ ಸಮಕ್ಷಮ ಬರೆದಿಡಬೇಕೆಂಬುದೂ ಕುರ್‌ಆನಿನ ವಿಧಿಗಳು. ಬಡ್ಡಿರಹಿತ ಸಾಲ ನೀಡುವ ಸಂಘಗಳು ಕಚೇರಿಯ ವೆಚ್ಚಕ್ಕೆಂದು ಸೇವಾಶುಲ್ಕ ಪಡೆಯುವುದುಂಟು. ಅದು ನಿಜವಾದ ವೆಚ್ಚವನ್ನು ಮೀರಿದರೆ ಮತ್ತೆ ರಿಬಾ ಆಗುತ್ತದೆ.

ಭೋಗ್ಯವೆಂಬ ಕಗ್ಗಂಟು

ಮೇಲಿನ ಸೂತ್ರವನ್ನು ತೀವ್ರವಾಗಿ ಪರೀಕ್ಷಿಸುವ ವ್ಯವಹಾರವೊಂದು ನಮ್ಮ ನಗರಗಳಲ್ಲೇ ಇದೆ. ಎಂಟು ಲಕ್ಷ ರೂಪಾಯಿ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಮನೆಯಲ್ಲಿದ್ದು, ಬಿಡುವಾಗ ಅಷ್ಟೂ ಹಣವನ್ನು ಹಿಂಪಡೆಯುವ 'ಭೋಗ್ಯ' ಬೆಂಗಳೂರಿನಂಥ ಊರುಗಳಲ್ಲಿ ಸಾಮಾನ್ಯ. ಬಡ್ಡಿಯ ಮಾತೇ ಇಲ್ಲದ ಕಾರಣ ಇದು ನಿರ್ದೋಷವೆಂದು ತೋರುತ್ತದೆ.

ಈ ಪದದ ಹಿಂದೆ ದೀರ್ಘ ಇತಿಹಾಸವಿದೆ. ಧರ್ಮಶಾಸ್ತ್ರಗಳು ಒತ್ತೆಯನ್ನು ಕಾಯ್ದಿಡಬೇಕಾದ 'ಗೋಪ್ಯ' ಮತ್ತು ಅನುಭವಿಸಬಹುದಾದ 'ಭೋಗ್ಯ' ಎಂದು ವಿಂಗಡಿಸುತ್ತವೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ, ಕಾಯ್ದಿಡಬೇಕಾದ ಒತ್ತೆಯನ್ನು ಸಾಲ ಕೊಟ್ಟವನು ಬಳಸಿಕೊಂಡರೆ ಅವನಿಗೆ ಬಡ್ಡಿಯಿಲ್ಲ. ವಸ್ತುವಿನ ಭೋಗವು ಬಡ್ಡಿಗೆ ಸಮಾನವಾದುದು, ಎರಡನ್ನೂ ಒಟ್ಟಿಗೆ ಪಡೆಯಲಾಗದು ಎಂಬ ತಿಳಿವಳಿಕೆ ಇಲ್ಲಿದೆ.

ಇಸ್ಲಾಮಿನ ನ್ಯಾಯಶಾಸ್ತ್ರದ ಆರಂಭಬಿಂದುವೂ ಇದೇ ತಿಳಿವಳಿಕೆ. ತೀರ್ಮಾನ ಮಾತ್ರ ವಿರುದ್ಧ. ಭೋಗವು ಬಡ್ಡಿಗೆ ಸಮಾನವಾದುದರಿಂದಲೇ ಅದು ನಿಷಿದ್ಧ. ಸಾಲದ ಷರತ್ತಾಗಿ ಕೊಟ್ಟವನಿಗೆ ದೊರೆಯುವ ಯಾವುದೇ ಪ್ರಯೋಜನ ರಿಬಾ ಎಂಬುದು ಬಹುಸಂಖ್ಯ ವಿದ್ವಾಂಸರ ಮತ. ಅದರಂತೆ ಎಂಟು ಲಕ್ಷ ಕೊಟ್ಟವನು ವಸ್ತುತಃ ಮನೆಯ ಮಾಲೀಕನಿಗೆ ಸಾಲ ಕೊಟ್ಟಿದ್ದಾನೆ. ಬಾಡಿಗೆಯಿಲ್ಲದ ವಾಸವೇ ಅವನು ಪಡೆಯುವ ಬಡ್ಡಿ. ಬೇರೆ ದಾರಿಗಳನ್ನು ಹುಡುಕಿದವರೂ ಇಲ್ಲದಿಲ್ಲ. ಮಧ್ಯ ಏಷ್ಯಾದ ಹನಫಿ ವಿದ್ವಾಂಸರಲ್ಲಿ ಕೆಲವರು ಜನರ ಅಗತ್ಯವನ್ನು ಪರಿಗಣಿಸಿ, ಹಣ ಮರಳಿಸಿದಾಗ ಆಸ್ತಿಯನ್ನು ಬಿಟ್ಟುಕೊಡುವ 'ಬೈಉಲ್ ವಫಾ' ಎಂಬ ಮಾರಾಟಕ್ಕೆ ಸಮ್ಮತಿಯಿತ್ತರು. ಕಡಿಮೆ ಸಂಬಳದ ಕುಟುಂಬಕ್ಕೆ ಭೋಗ್ಯವು ಬಾಡಿಗೆಯ ಹೊರೆಯಿಂದ ಬಿಡುಗಡೆಯಾಗಿರುವಾಗ, ಅದು ಧರ್ಮಸಮ್ಮತವೇ ಎಂಬುದು ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯುವುದಿಲ್ಲ.

ಹೆಸರು ಮತ್ತು ವಸ್ತು

ಆಧುನಿಕ ಸಂಸ್ಥೆಗಳಲ್ಲಿ ಈ ತತ್ತ್ವಗಳ ಪ್ರಯೋಗ 1963ರಲ್ಲಿ ಈಜಿಪ್ಟಿನ ಮಿತ್ ಗಮ್ರ್ ಪಟ್ಟಣದ ಉಳಿತಾಯ ಬ್ಯಾಂಕಿನಲ್ಲಿ ಗಮನ ಸೆಳೆಯಿತು. ದುಬೈ ಇಸ್ಲಾಮಿಕ್ ಬ್ಯಾಂಕ್ 1975ರಲ್ಲಿ ಸ್ಥಾಪನೆಯಾಯಿತು. ಭಾರತದ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯಾದರೋ ಬ್ಯಾಂಕುಗಳು ಸರಕುಗಳ ವ್ಯಾಪಾರ ಮಾಡುವುದನ್ನು ನಿರ್ಬಂಧಿಸುತ್ತದೆ. ಮುರಾಬಹಾದ ತಿರುಳೇ ಸರಕಿನ ವ್ಯಾಪಾರ. ರಘುರಾಂ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ನ ಪರವಾಗಿ ಶಿಫಾರಸು ಮಾಡಿತ್ತಾದರೂ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು.

ಬಡ್ಡಿಯನ್ನು ಒಲ್ಲದ ಉಳಿತಾಯಗಾರರು ಹೀಗೆ ಬ್ಯಾಂಕಿಂಗ್ ನಿಯಂತ್ರಣದ ಹೊರಗಿನ ಸಂಸ್ಥೆಗಳತ್ತ ಹೋದುದರ ದುರಂತ ಫಲವನ್ನು ಬೆಂಗಳೂರು 2019ರಲ್ಲಿ ಕಂಡಿತು. 'ಹಲಾಲ್' ಹೂಡಿಕೆಯ ಹೆಸರಿನಲ್ಲಿ ಹಣ ಸಂಗ್ರಹಿಸಿದ ಐಎಂಎ ಸಮೂಹ ಆ ವರ್ಷದ ಜೂನ್‌ನಲ್ಲಿ ಕುಸಿಯಿತು. ಸಾವಿರಾರು ಕುಟುಂಬಗಳು ಮದುವೆಗೆ, ಮನೆಗೆ, ಮುಪ್ಪಿಗೆ ಕೂಡಿಟ್ಟ ಹಣವನ್ನು ಕಳೆದುಕೊಂಡವು. ಹೊಸಬರ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಲಾಗುತ್ತಿತ್ತು ಎಂಬುದು ತನಿಖಾ ಸಂಸ್ಥೆಗಳ ಆರೋಪ. ಈ ಘಟನೆಯನ್ನು ತತ್ತ್ವದ ವೈಫಲ್ಯವೆಂದು ಓದುವುದು ಸುಲಭ, ಆದರೆ ತಪ್ಪು. ನಿಜವಾದ ಪಾಲುದಾರಿಕೆಯಲ್ಲಿ ಲಾಭ ಏರಿಳಿಯುತ್ತದೆ, ಕೆಲವೊಮ್ಮೆ ನಷ್ಟವೂ ಬರುತ್ತದೆ. ನಷ್ಟವನ್ನೇ ಕಾಣದೆ ತಿಂಗಳು ತಿಂಗಳೂ ಬರುವ ಪ್ರತಿಫಲ ಇಸ್ಲಾಮಿನ ತತ್ತ್ವದ ದೃಷ್ಟಿಯಿಂದಲೇ ಸಂದೇಹಾಸ್ಪದ. ತತ್ತ್ವವನ್ನು ಬಲ್ಲವನು ಕೇಳಬೇಕಾದ ಮೊದಲ ಪ್ರಶ್ನೆಯನ್ನು ಹೆಸರು ಮರೆಮಾಡಿತು.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರ ಹೊಣೆ ಇಲ್ಲಿಯೇ ಇದೆ. ಮುದಾರಬಾ, ಮುರಾಬಹಾಗಳನ್ನು 'ಬಡ್ಡಿಯಿಲ್ಲದ ಲಾಭ' ಎಂಬ ಒಂದೇ ಮಾತಿನಲ್ಲಿ ಅನುವಾದಿಸಿದರೆ ಓದುಗನಿಗೆ ಉಳಿಯುವುದು ಲಾಭದ ಭರವಸೆ ಮಾತ್ರ. ನಷ್ಟದ ಹೊಣೆ ಅನುವಾದದಲ್ಲಿ ಬಿಟ್ಟುಹೋಗುತ್ತದೆ. ಪಾಲು, ಕ್ರಯ, ಬಾಡಿಗೆ, ಕೈಗಡ ಎಂಬ ನಮ್ಮ ಪದಗಳು ಈ ಒಪ್ಪಂದಗಳನ್ನು ಬೇರೆಬೇರೆಯಾಗಿ ಹೆಸರಿಸಬಲ್ಲವು. ಅವುಗಳನ್ನು ಬಳಸಿದಾಗ ಹೊಣೆ ಯಾರದೆಂಬುದು ಪದದಲ್ಲಿಯೇ ತಿಳಿಯುತ್ತದೆ. ಪಾಲಿಗೆ ಹೊಲ ಹಾಕಿದವನಿಗೆ ಬೆಳೆ ಹೋದ ವರ್ಷ ಪಾಲಿಲ್ಲವೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.