ಸಹಸ್ರಕವಚನ ಸೂಕ್ಷ್ಮಾವತಾರ

ನರನಾರಾಯಣರು ಸಹಸ್ರಕವಚನೆಂಬ ದೈತ್ಯನೊಡನೆ ಹೋರಾಡಿದ ಕಥೆ ಪುರಾಣಪ್ರಿಯರಿಗೆ ತಿಳಿದುದೇ. ಒಬ್ಬನು ತಪಸ್ಸಿಗೆ ಕುಳಿತಾಗ ಇನ್ನೊಬ್ಬನು ಯುದ್ಧಮಾಡಿ ಒಂದೊಂದೇ ಕವಚವನ್ನು ಕತ್ತರಿಸಬೇಕು. ನ್ಯುಮೋನಿಯ ರೋಗದ ಮುಖ್ಯ ಕಾರಣಗಳಲ್ಲೊಂದಾದ ನ್ಯುಮೊಕಾಕಸ್ ಎಂಬ ರೋಗಾಣುವಿನ ಚರಿತ್ರೆಯನ್ನು ಓದುವಾಗ ಈ ಕಥೆ ನೆನಪಾಗದೆ ಇರದು.

1881ರಲ್ಲಿ ಫ್ರಾನ್ಸಿನ ಪಾಶ್ಚರನೂ ಅಮೆರಿಕದ ಸ್ಟರ್ನ್‌ಬರ್ಗನೂ ಇದನ್ನು ಬೇರೆಬೇರೆಯಾಗಿ ಕಂಡರು. ಇದರ ಮೈಗೆ ಸಕ್ಕರೆಯ ಜಾತಿಯ ವಸ್ತುವಿನ ಕವಚವುಂಟೆಂದು 1923ರಲ್ಲಿ ಏವರಿ ಮತ್ತು ಹೈಡೆಲ್‌ಬರ್ಗರ್ ತೋರಿಸಿಕೊಟ್ಟರು. ನುಂಗಲು ಬಂದ ರಕ್ತದ ಬಿಳಿಯ ಕಣಗಳನ್ನು ತಡೆಯುವುದು ಈ ಕವಚವೇ. ಲಸಿಕೆಯು ದೇಹಕ್ಕೆ ಈ ಕವಚದ ಗುರುತನ್ನು ಕಲಿಸಬೇಕು. ಆದರೆ ದೈತ್ಯನು ಸಾವಿರವನ್ನೂ ಒಟ್ಟಿಗೆ ತೊಟ್ಟಿದ್ದನು. ಇಲ್ಲಿ ಒಂದೊಂದು ಬಣಕ್ಕೆ ಒಂದೊಂದು ಕವಚ. ಇಂದಿಗೆ ಗೊತ್ತಾಗಿರುವ ಬಗೆಗಳೇ ನೂರಕ್ಕೆ ಮಿಕ್ಕಿವೆ. ಒಂದಕ್ಕೆಂದು ಮಾಡಿದ ಲಸಿಕೆ ಸಾಮಾನ್ಯವಾಗಿ ಇನ್ನೊಂದಕ್ಕೆ ನಾಟದು.

1911ರಲ್ಲಿ ರೈಟ್ ಎಂಬ ವೈದ್ಯನು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕೂಲಿಗಳಿಗೆ ಲಸಿಕೆ ಹಾಕಿದಾಗ ಈ ಭೇದವು ಇನ್ನೂ ಸ್ಪಷ್ಟವಾಗಿರಲಿಲ್ಲ, ಫಲವೂ ಸ್ಪಷ್ಟವಾಗಲಿಲ್ಲ. 1945ರಲ್ಲಿ ಮೆಕ್ಲಾಯ್ಡ್ ಮತ್ತು ಸಂಗಡಿಗರು ನಾಲ್ಕು ಬಗೆಗಳ ಲಸಿಕೆಯಿಂದ ಅಮೆರಿಕದ ಸೈನಿಕರನ್ನು ರಕ್ಷಿಸಬಹುದೆಂದು ಸಾಧಿಸಿದರು. ಅಷ್ಟರಲ್ಲಿ ಪೆನಿಸಿಲಿನ್ ಬಂದಿತು. ಮದ್ದಿರುವಾಗ ಲಸಿಕೆಯೇಕೆಂದು ಜನರು ಅದನ್ನು ಕೈಬಿಟ್ಟರು.

ರಾಬರ್ಟ್ ಆಸ್ಟ್ರಿಯನ್ ಎಂಬ ವೈದ್ಯನೊಬ್ಬನು ಮಾತ್ರ ಸಮಾಧಾನಗೊಳ್ಳಲಿಲ್ಲ. ರೋಗಾಣುವು ರಕ್ತಕ್ಕೆ ಸೇರಿದ ರೋಗಿಗಳಲ್ಲಿ ಮೊದಲ ಕೆಲವು ದಿನಗಳ ಸಾವನ್ನು ಪೆನಿಸಿಲಿನ್ ತಪ್ಪಿಸುತ್ತಿಲ್ಲವೆಂದು 1964ರಲ್ಲಿ ಅವನು ಸಹೋದ್ಯೋಗಿಯೊಡನೆ ಪ್ರಕಟಿಸಿದನು. ಅವನ ಪಟ್ಟಿನ ಫಲವಾಗಿ 1977ರಲ್ಲಿ ಹದಿನಾಲ್ಕು ಬಗೆಗಳ, 1983ರಲ್ಲಿ ಇಪ್ಪತ್ತಮೂರು ಬಗೆಗಳ ಲಸಿಕೆಗಳು ಬಂದವು.

ಆದರೂ ಶಿಶುಗಳು ಹೊರಗುಳಿದರು. ಎರಡು ವರ್ಷದೊಳಗಿನ ಮಗುವಿನ ದೇಹವು ಬರಿಯ ಸಕ್ಕರೆಯ ಗುರುತನ್ನು ಚೆನ್ನಾಗಿ ಕಲಿಯದು. ಅದನ್ನು ಪ್ರೋಟೀನಿಗೆ ಬೆಸೆದುಕೊಟ್ಟರೆ ಕಲಿಯುತ್ತದೆ. ಇಂತಹ ಬೆಸುಗೆಯ ಪ್ರಯೋಗ 1931ರಲ್ಲಿಯೇ ನಡೆದಿದ್ದರೂ, ಅಮೆರಿಕದಲ್ಲಿ ಏಳು ಬಗೆಗಳ ಶಿಶುಲಸಿಕೆ ಬಂದುದು 2000ದಲ್ಲಿ. ಆ ಏಳು ಹಿಮ್ಮೆಟ್ಟಿದವು. ತೆರವಾದ ಎಡೆಗೆ ಬೇರೆ ಬಗೆಗಳು ಬಂದು ಸೇರಿದವು. ಹೊಸ ಬಗೆಯೊಂದನ್ನು ಸೇರಿಸಬೇಕಾದರೆ ಅದನ್ನು ಬೇರೆಯಾಗಿ ಬೆಳೆಸಿ, ಶೋಧಿಸಿ, ಬೆಸೆಯಬೇಕು. ಬೆಲೆ ಏರುವುದು ಇದರಿಂದಲೇ; ಬಡವರ ಮಕ್ಕಳಿಗೆ ಲಸಿಕೆ ತಡವಾಗಿ ತಲುಪಿದುದೂ ಬಹುಮಟ್ಟಿಗೆ ಇದರಿಂದಲೇ. ಭಾರತದ ಸಾರ್ವಜನಿಕ ಕಾರ್ಯಕ್ರಮಕ್ಕೆ ಅದು ಸೇರತೊಡಗಿದುದು 2017ರಲ್ಲಿ. ಪುಣೆಯ ಸೀರಮ್ ಸಂಸ್ಥೆಯ ಹತ್ತು ಬಗೆಗಳ ಅಗ್ಗದ ಲಸಿಕೆಗೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು.

ಯುದ್ಧದಲ್ಲಿ ಗೆಲುವು ಕಂಡೊಡನೆ ತಪಸ್ಸನ್ನು ನಿಲ್ಲಿಸಿದುದೇ ಪೆನಿಸಿಲಿನ್ ಕಾಲದ ತಪ್ಪು. ಒಬ್ಬನು ಕಾದುತ್ತಿರುವಾಗ ಇನ್ನೊಬ್ಬನು ತಪಸ್ಸಿನಲ್ಲಿರಬೇಕೆಂಬ ಪುರಾಣದ ನಿಯಮವು ಪ್ರಯೋಗಶಾಲೆಗೂ ಸಲ್ಲುತ್ತದೆ.