ಬೇರೆ ಗಂಟೆ ಕಟ್ಟಿದ ಹಸು

ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಕಡೆ ಹೋಗುವ ದಾರಿಯ ಎರಡೂ ಬದಿ ಬೆಳ್ಳಗೆ ಹೂ. ದೂರಕ್ಕೆ ಕೊತ್ತಂಬರಿ ಹೊಲವೇ ಅನ್ನಬೇಕು. ಹತ್ತಿರ ಹೋದರೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಹೇಮಾವತಿ ನಾಲೆಯ ಏರಿ, ಹಾಸನದ ಖಾಲಿ ಸೈಟು, ಅರಕಲಗೂಡಿನ ಆಲೂಗಡ್ಡೆ ಹೊಲದ ಬದು, ಯಾವುದನ್ನೂ ಬಿಟ್ಟಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಗಿಡ ಇದು. ಅಮೆರಿಕದ ಗೋಧಿಯ ಜೊತೆ ಬಂತು ಅನ್ನುವುದು ರೂಢಿಯ ಮಾತು.

ಇದನ್ನು ಕಿತ್ತವರಿಗೆಲ್ಲ ತೊಂದರೆಯಾಗುವುದಿಲ್ಲ. ಕೆಲವರಿಗೆ ಮಾತ್ರ, ಅದೂ ವರ್ಷಗಟ್ಟಲೆ ಕಿತ್ತ ಮೇಲೆ ಒಂದು ದಿನ, ರೆಪ್ಪೆ ಊದಿಕೊಂಡು ಕತ್ತು, ಮೊಣಕೈ ಮಡಿಕೆಯಲ್ಲಿ ನವೆ ಶುರು. ಕೆರೆದೂ ಕೆರೆದೂ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ, ಹಣೆಯ ಗೆರೆಗಳು ಉತ್ತ ಸಾಲಿನಷ್ಟು ಆಳ. ಅಂಗಿ ಮುಚ್ಚಿದ ಜಾಗದಲ್ಲಿ ಅಷ್ಟಿಲ್ಲ.

ಗಿಡದ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಅದರ ಅಣು ತೀರಾ ಚಿಕ್ಕದು, ಒಂಟಿಯಾಗಿ ಬಂದರೆ ಮೈಯ ಕಾವಲು ಕೋಶಗಳು ತಿರುಗಿಯೂ ನೋಡವು. ಎಡವಟ್ಟಾಗುವುದು ಅದು ಚರ್ಮಕ್ಕಿಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ. ನಮ್ಮ ಕೊಟ್ಟಿಗೆಯ ಹಸುವಿಗೇ ಯಾರೋ ಬೇರೆ ಗಂಟೆ ಕಟ್ಟಿ ಬಿಟ್ಟ ಹಾಗೆ. ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳೆಂಬ ಈ ಕಾವಲು ಕೋಶಗಳು ತಯಾರಾಗುವಾಗ, ಮನೆಯವರ ಮೇಲೇ ಹರಿಹಾಯುವಂಥವನ್ನು ಬಹುಮಟ್ಟಿಗೆ ಅಲ್ಲೇ ತೆಗೆದುಹಾಕಲಾಗುತ್ತದೆ. ಉಳಿದವು ಹಸುವನ್ನು ಸುಮ್ಮನೆ ಬಿಡುತ್ತವೆ. ಗಂಟೆಯ ಸದ್ದಿಗೆ ಎದ್ದು ನಿಲ್ಲುತ್ತವೆ. ಇಲ್ಲಿ ಪತ್ತೆಯಾಗುವುದು ಹೊರಗಿನವನ ಮುಖ ನೋಡಿ ಅಲ್ಲ, ಮನೆಯಲ್ಲಿ ಏನೋ ಏರುಪೇರಾಗಿದೆ ಎಂಬುದರಿಂದ.

ಸುದ್ದಿ ಒಯ್ಯುವುದು ಚರ್ಮದ ಲ್ಯಾಂಗರ್‌ಹಾನ್ಸ್ ಕೋಶಗಳು. 1868ರಲ್ಲಿ ಇವನ್ನು ಕಂಡ ಪೌಲ್ ಲ್ಯಾಂಗರ್‌ಹಾನ್ಸ್ ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿ. ನರದ ಕೋಶಗಳೆಂದೇ ಬಗೆದಿದ್ದ! ಕೈಕಾಲು ಚಾಚಿದ ಅವುಗಳ ಆಕಾರ ನೋಡಿದರೆ ಯಾರಿಗಾದರೂ ಹಾಗನ್ನಿಸೀತು. ಅವು ಪಾರ್ಥೆನಿನ್ ಅಂಟಿದ ಪ್ರೋಟೀನಿನ ತುಣುಕು ಹೊತ್ತು ಕಂಕುಳು, ಕತ್ತಿನ ದುಗ್ಧಗ್ರಂಥಿಗೆ ಹೋಗಿ ಟಿ ಕೋಶಗಳಿಗೆ ತೋರಿಸುತ್ತವೆ. ಹೊಂದುವ ಕೋಶ ಸಿಕ್ಕರೆ ಅದು ನೂರಾಗಿ ಸಾವಿರವಾಗಿ, ನೆನಪಿಟ್ಟುಕೊಂಡು ಚರ್ಮಕ್ಕೆ ಮರಳುತ್ತದೆ. ಜೇನು ಕಚ್ಚಿದಂತೆ ತಕ್ಷಣ ಉರಿಯದೆ, ಗಿಡ ಕಿತ್ತ ಮಾರನೆಯ ದಿನವೋ ಮೂರನೆಯ ದಿನವೋ ನವೆ ಏಳುವುದು ಈ ಕೋಶಗಳು ಬಂದು ಸೇರಲು ಹೊತ್ತು ಹಿಡಿಯುವುದರಿಂದ. ಅಷ್ಟರಲ್ಲಿ ಗಿಡದ ನೆನಪೇ ಹೋಗಿ, ಜನ ತಿಂದ ಬದನೆಕಾಯಿಯನ್ನು ಬೈಯುತ್ತಾರೆ.

ಗಿಡ ಸತ್ತರೂ ಪಾರ್ಥೆನಿನ್ ಸಾಯದು. ಕಿತ್ತು ಬದುವಿನ ಮೇಲೆ ಗುಡ್ಡೆ ಹಾಕಿದ್ದು ಒಣಗಿ ಪುಡಿಯಾಗಿ ಗಾಳಿಗೆ ಏಳುತ್ತದೆ, ಕಿತ್ತವನ ರೆಪ್ಪೆಗೇ ಬಂದು ಕೂರುತ್ತದೆ. ಈ ಗಿಡದ ಎಲೆ ತಿನ್ನಲೆಂದು ಮೆಕ್ಸಿಕೊದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದುಂಟು. ಮಳೆಗಾಲದಲ್ಲಿ ಮೇಯ್ದು, ಬೇಸಿಗೆಗೆ ಮಣ್ಣು ಸೇರಿ ಮಲಗುತ್ತದೆ.

ನವೆಗೆ ಈ ಗಿಡವೇ ಕಾರಣವೆಂಬ ಅನುಮಾನ ಬಂದರೆ ಚರ್ಮದ ಡಾಕ್ಟರು ಬೆನ್ನಿಗೆ ಪ್ಯಾಚ್ ಟೆಸ್ಟ್, ಅಂದರೆ ಅನುಮಾನದ ವಸ್ತುಗಳನ್ನಿಟ್ಟ ಪಟ್ಟಿ, ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ಹಾಕುವಂತಿಲ್ಲ, ಬಗ್ಗಿ ಕಳೆ ಕೀಳುವಂತಿಲ್ಲ. ಅನುಮಾನ ನಿಜವಾಗಿದ್ದರೆ, ಪಟ್ಟಿ ಬಿಚ್ಚಿದಾಗ ಪಾರ್ಥೇನಿಯಂ ಇಟ್ಟಿದ್ದ ಪುಟ್ಟ ದುಂಡು ಜಾಗವೊಂದೇ ಕೆಂಪಗೆ ಉಬ್ಬಿರುತ್ತದೆ.